ಮೊದಲು ಮೌತ್‌ಪೀಸ್ ನೋಡಿ

ಟ್ರಂಪೆಟ್‌ನಲ್ಲಿ ಮೇಲಿನ ಸ್ವರ ಸುಲಭವಾಗಿ ಬರಲಿ ಅಂತ ಮಕ್ಕಳಿಗೆ ಆಳ ಕಡಿಮೆ ಇರುವ ಮೌತ್‌ಪೀಸ್ (ತುಟಿ ಇಟ್ಟು ಊದುವ ಬಟ್ಟಲಿನಂಥ ಭಾಗ) ಕೊಡಿಸಿ ಎಂದು ಲೇಖನದಲ್ಲಿ ಬರೆದಿದ್ದೀರಿ. ಕಲಿಯುವ ಮಕ್ಕಳಿಗೆ ಇದು ಬೇಡ ಸರ್. ಮಂಡ್ಯದಲ್ಲಿ ಶಾಲಾ ಬ್ಯಾಂಡ್ ಮಕ್ಕಳಿಗೆ ಟ್ರಂಪೆಟ್ ಹೇಳಿಕೊಡುತ್ತೇನೆ. ಅಂಥದ್ದು ಕೊಟ್ಟರೆ ನಾದ ತೆಳ್ಳಗಾಗುತ್ತೆ, ಮಕ್ಕಳು ತುಟಿಗೆ ಒತ್ತಿ ಊದುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಬಾಕ್ ಕಂಪನಿಯ 7ಸಿ ಅಳತೆಯದ್ದು, ಅಂದರೆ ಬಟ್ಟಲಿನ ಒಳ ಅಗಲ ಸುಮಾರು 16 ಮಿ.ಮೀ. ಇರುವುದು, ಶುರುವಿಗೆ ಸಾಕು.

ಒಬ್ಬ ಹುಡುಗನಿಗೆ ತುಟಿ ತುರಿಸಿ ಕೆಂಪಾಗುತ್ತಿತ್ತು. ಅಭ್ಯಾಸ ಜಾಸ್ತಿ ಆಯ್ತೇನೋ ಅಂದುಕೊಂಡೆ. ಅವನ ಮೌತ್‌ಪೀಸ್ ಬಿಸಿಲಿಗೆ ಹಿಡಿದು ನೋಡಿದರೆ ಅಂಚಿನ ಬೆಳ್ಳಿ ಲೇಪ ಸವೆದು ಹಳದಿ ಹಿತ್ತಾಳೆ ಕಾಣುತ್ತಿತ್ತು. ಮೌತ್‌ಪೀಸ್ ಬದಲಿಸಿದ ಮೇಲೆ ವಾರದಲ್ಲಿ ಸರಿಹೋಯ್ತು. ಹಳೇ ವಾದ್ಯ ಕೊಳ್ಳುವವರು ಇದನ್ನು ಮೊದಲು ನೋಡಿ, ದಯವಿಟ್ಟು. ಟ್ರಂಪೆಟ್‌ನಂಥದ್ದೇ ಇನ್ನೊಂದು ವಾದ್ಯವಾದ ಕಾರ್ನೆಟ್‌ನ ಮೌತ್‌ಪೀಸ್ ಟ್ರಂಪೆಟ್‌ಗೆ ಕೂರುವುದಿಲ್ಲ, ವಾದ್ಯದೊಳಗೆ ಹೋಗುವ ಅದರ ಕಾಂಡ ಸಣ್ಣದು. ಅಂಗಡಿಯಲ್ಲಿ ಒಮ್ಮೆ ನನಗೇ ಹಾಗೆ ಕೊಟ್ಟು ಕಳಿಸಿದ್ದರು.

ನಡೆಯುತ್ತಾ ಊದುವ ಬ್ಯಾಂಡ್‌ಗೆ ತೂಕವೂ ಮುಖ್ಯ. ಮೈಸೂರಿನ ಜಂಬೂ ಸವಾರಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ಅಷ್ಟು ದೂರ ಮೈ ಸುತ್ತ ಬರುವ ದೊಡ್ಡ ಊದುವ ವಾದ್ಯವಾದ ಹಿತ್ತಾಳೆ ಸೂಸಫೋನ್ ಹೆಗಲ ಮೇಲೆ ಹೊರುವುದು ಸುಮ್ನೆ ಅಲ್ಲ. ಚಿಕ್ಕ ಮಕ್ಕಳಿಗೆ ಫೈಬರ್‌ಗ್ಲಾಸಿನದ್ದೇ ಕೊಡಿಸಿ.