ಬಿದ್ದವರ ಹೆಸರು ಮೊದಲು

ಊರಿಂದ ಯಾರೇ ಮುಂಬೈಗೆ ಬಂದರೂ ಅವರನ್ನು ನಾನು ಗಿರ್ಗಾಂವ್ ಚೌಪಾಟಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ತುಕಾರಾಂ ಓಂಬ್ಳೆ ಅವರ ಪ್ರತಿಮೆ ಇದೆ. ಕಳೆದ ವರ್ಷ ಕೊಳ್ಳೇಗಾಲದಿಂದ ಅಕ್ಕನ ಮಗ ಬಂದಿದ್ದ. "ಯಾರು ಮಾವ ಇವರು?" ಅಂತ ಕೇಳಿದ. "ಕಸಬ್‌ನನ್ನು ಹಿಡಿದವರು" ಅಂದೆ. "ಓ, ಕಸಬ್!" ಅಂತ ತಕ್ಷಣ ತಲೆ ಆಡಿಸಿದ.

ಅದು ನನಗೆ ಚುಚ್ಚಿತು. ಕೊಂದವನ ಹೆಸರು ಹುಡುಗನಿಗೆ ಗೊತ್ತು, ಸತ್ತವರದ್ದು ಗೊತ್ತಿಲ್ಲ. ನಾನಾದರೂ ಹೇಗೆ ಪರಿಚಯ ಮಾಡಿಸಿದೆ? ಕೊಂದವನ ಹೆಸರು ಹಿಡಿದೇ ಅಲ್ವಾ?

ಅಲ್ಲೇ ಕೂತು ಮೊದಲಿನಿಂದ ಹೇಳಿದೆ. ಓಂಬ್ಳೆ ಸತಾರಾ ಜಿಲ್ಲೆಯ ಕೇಡಂಬೆ ಊರಿನವರು. ಸೈನ್ಯದಲ್ಲಿದ್ದು ಆಮೇಲೆ ಪೊಲೀಸ್ ಸೇರಿದವರು, ಎಎಸ್‌ಐ ಆಗಿದ್ದರು. 2008ರ ನವೆಂಬರ್ 26ರ ರಾತ್ರಿ, ಹನ್ನೆರಡು ದಾಟಿದ ಮೇಲೆ, ಮುಂಬೈ ಮೇಲೆ ದಾಳಿ ಮಾಡಿದ ಉಗ್ರರು ಕಿತ್ತುಕೊಂಡಿದ್ದ ಕಾರು ಇದೇ ರಸ್ತೆಗೆ ಬಂತು. ನಾಕಾಬಂದಿ ಹಾಕಿದ್ದರು. ಓಂಬ್ಳೆ ಕೈಯಲ್ಲಿ ಇದ್ದದ್ದು ಲಾಠಿ ಮಾತ್ರ. ಅವರು ಕಾರಿನಲ್ಲಿದ್ದ ಕಸಬ್‌ನ ಎಕೆ-47ರ ನಳಿಗೆಯನ್ನೇ ಹಿಡಿದುಕೊಂಡರು. ಗುಂಡುಗಳು ಮೈಗೆ ನಾಟಿದವು. ಕೈ ಬಿಡಲಿಲ್ಲ. ಅಷ್ಟರಲ್ಲಿ ಜೊತೆಗಾರರು ಮುಗಿಬಿದ್ದು ಅವನನ್ನು ಜೀವಂತ ಹಿಡಿದರು. ದಾಳಿಯ ಸಂಚು ಎಲ್ಲಿ ನಡೆಯಿತು ಅನ್ನೋದಕ್ಕೆ ಜೀವಂತ ಸಾಕ್ಷಿ ಸಿಕ್ಕಿದ್ದು ಆ ಹಿಡಿತದಿಂದ. 2009ರಲ್ಲಿ ಅವರಿಗೆ ಅಶೋಕ ಚಕ್ರ ಬಂತು.

ಮುಂಬೈಯವರು ಈ ಹೆಸರನ್ನು ಚೆನ್ನಾಗಿ ಕಾಪಾಡಿಕೊಂಡಿದ್ದಾರೆ. ಅವರು ಬಿದ್ದ ಜಾಗದ ಹತ್ತಿರವೇ ಪ್ರತಿಮೆ ನಿಂತಿದೆ. 2021ರಲ್ಲಿ ಠಾಣೆ, ಕಲ್ಯಾಣ ಕಡೆ ಸಿಕ್ಕ ಹೊಸ ಜಾತಿಯ ಜೇಡಕ್ಕೂ ಐಸಿಯಸ್ ತುಕಾರಾಮಿ ಅಂತ ಹೆಸರಿಟ್ಟರು. ಜೇಡದ ಸುದ್ದಿ ಓದಿದಾಗ ನನಗೆ ಕಣ್ಣು ತುಂಬಿತು.

ನಮ್ಮ ಕಡೆ? 1992ರ ಆಗಸ್ಟ್ 14, ಸ್ವಾತಂತ್ರ್ಯ ದಿನದ ಹಿಂದಿನ ದಿನ. ಮೀಣ್ಯಂ ಹತ್ತಿರ ವೀರಪ್ಪನ್ ತಂಡ ಹೊಂಚು ಹಾಕಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಅವರನ್ನು ಕೊಂದಿತು. ಜೊತೆಗಿದ್ದ ಪೇದೆಗಳೂ ಸತ್ತರು. ನಾನಾಗ ಹೈಸ್ಕೂಲು. ಊರಿನ ಬಾಗಿಲುಗಳೆಲ್ಲ ಸಂಜೆಗೇ ಮುಚ್ಚಿಕೊಂಡವು. ಈಗ ಅದೇ ಊರಿನ ಚಹಾ ಅಂಗಡಿಯಲ್ಲಿ ಆ ಕಾಲದ ಮಾತು ತೆಗೆಯಿರಿ. ಮೀಸೆ, ಗಂಧ, ದಂತ, ಕಾಡು, ಬರೀ ವೀರಪ್ಪನ್ ಕತೆ. ಶಕೀಲ್ ಅಹ್ಮದ್ ಹೆಸರು ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಪೇದೆಗಳನ್ನಂತೂ ಕೇಳುವವರೇ ಇಲ್ಲ.

ಗೋಪಿನಾಥಂ ಬೇರೆ. ಅದು ವೀರಪ್ಪನ್ ಹುಟ್ಟೂರೇ. ಆದರೂ ಅಲ್ಲಿಯವರು 1991ರಲ್ಲಿ ಅವನು ಶರಣಾಗುತ್ತೇನೆಂದು ನಂಬಿಸಿ ಕರೆಸಿ ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಅವರು ಕಟ್ಟಿಸಿಕೊಟ್ಟ ಮಾರಮ್ಮನ ಗುಡಿ ಆ ಊರಲ್ಲಿದೆ.

ನಾನಿರುವುದು ಬೋರಿವಲಿಯಲ್ಲಿ. ಮನೆ ಹತ್ತಿರ ಎಕ್ಸರ್‌ನಲ್ಲಿ ಶಿಲಾಹಾರರ ಕಾಲದ ಕಲ್ಲುಗಳಿವೆ. ಹಡಗು, ಹುಟ್ಟು ಹಾಕುವವರು, ಸಮುದ್ರದ ಮೇಲಿನ ಕಾಳಗ ಎಲ್ಲ ಕೆತ್ತಿದ್ದಾರೆ. ಮರಾಠಿಯವರು ಅದನ್ನು 'ವೀರಗಳ' ಅನ್ನುತ್ತಾರೆ. ನಮ್ಮ ವೀರಗಲ್ಲೇ! ಮೊದಲ ಸಲ ಕೇಳಿದಾಗ ತವರಿನ ಮಾತು ಕೇಳಿದ ಹಾಗಾಯಿತು. ನಮ್ಮ ಹಿಂದಿನವರು ದನ ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು ನೆಟ್ಟರು. ಹಂದಿಯ ಜೊತೆ ಹೋರಾಡಿ ಸತ್ತ ನಾಯಿ ಕಾಳಿಗೂ ಆತಕೂರಿನಲ್ಲಿ ಕಲ್ಲು ಹಾಕಿಸಿದರು. ಕೆಳಗೆ ಕಾಳಗ, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಹೇಗೆ ಸತ್ತ, ಯಾರಿಗಾಗಿ ಸತ್ತ ಅಂತ ಅಕ್ಷರ ಬಾರದವನಿಗೂ ತಿಳಿಯುತ್ತಿತ್ತು. ಆ ಕಲ್ಲಿನ ಕತೆ ಬಿದ್ದವನದು, ಬೀಳಿಸಿದವನದಲ್ಲ.

ಎಕ್ಸರ್‌ಗೂ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಊರಿಗೆ ಹೋಗಿ ವಾರ ಆದ ಮೇಲೆ ಫೋನ್ ಮಾಡಿದ. ಶಕೀಲ್ ಅಹ್ಮದ್ ಯಾರು ಅಂತ ಅವರಪ್ಪನನ್ನು ಕೇಳಿದನಂತೆ. ಭಾವ ಟಿವಿ ಆರಿಸಿ, ಊಟ ಮರೆತು ರಾತ್ರಿವರೆಗೂ ಮಾತಾಡಿದರಂತೆ.