ಫಾಗಿಂಗ್ ಗಾಡಿ ಡೆಂಗಿ ವೈರಸ್ ಕೊಲ್ಲುವುದಿಲ್ಲ

'ಇವತ್ತು ಸಂಜೆ ಫಾಗಿಂಗ್ ಗಾಡಿ ಬರುತ್ತೆ, ಡೆಂಗಿ ವೈರಸ್ ಸಾಯುತ್ತೆ, ಡ್ರಮ್ಮಿನ ನೀರು ಚೆಲ್ಲಬೇಕಿಲ್ಲ. ಕೊರೊನಾದಲ್ಲೂ ಹೀಗೇ ಹೊಡೆದಿದ್ರಲ್ಲ' ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಗಾಡಿ ಬರಬಹುದು, ಉಳಿದದ್ದು ತಪ್ಪು.

ಆ ಹೊಗೆ ಕೀಟನಾಶಕ. ಸಾಮಾನ್ಯವಾಗಿ ಡೀಸೆಲ್‌ನಲ್ಲಿ ಬೆರೆಸಿರುತ್ತಾರೆ. ಹಾರುತ್ತಿರುವ ಸೊಳ್ಳೆಗೆ ತಗುಲಿದರೆ ಅದು ಸಾಯುತ್ತದೆ, ಅಷ್ಟೇ. ಡ್ರಮ್ಮಿನೊಳಗಿನ ಮರಿಗಳಿಗೆ ಏನೂ ಆಗುವುದಿಲ್ಲ. ಟಾರ್ಚ್ ಬಿಟ್ಟು ನೋಡಿ, ಬಾಲ ಮೇಲೆ ಮಾಡಿ ನೇತಾಡುತ್ತಾ, ನೀರು ಅಲುಗಿದರೆ ಕೊಂಕುತ್ತಾ ತಳಕ್ಕಿಳಿಯುತ್ತವಲ್ಲ, ಅವೇ. ಮೊಟ್ಟೆಯಂತೂ ಡ್ರಮ್ಮಿನ ಒಳಗೋಡೆಗೆ ನೀರಿನ ಅಂಚಿನಲ್ಲೇ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ನೀರು ಚೆಲ್ಲಿದರೂ ಸಾಲದು, ವಾರಕ್ಕೊಮ್ಮೆ ತಿಕ್ಕಿ ತೊಳೆಯಬೇಕು.

ಕೊರೊನಾದ ಹೋಲಿಕೆಯೂ ಸರಿಯಲ್ಲ. 2020ರಲ್ಲಿ ಬೀದಿಗೆ ಇಳಿದದ್ದು ಅಗ್ನಿಶಾಮಕ ವಾಹನ, ಜೆಟ್ಟಿಂಗ್ ಯಂತ್ರಗಳು. ಬೆಂಕಿ ಆರಿಸುವ, ಒಳಚರಂಡಿ ಕಟ್ಟಿದ್ದು ತೆಗೆಯುವ ಗಾಡಿಗಳು. ಅವು ಹೊಡೆದದ್ದು ಸೋಡಿಯಂ ಹೈಪೋಕ್ಲೋರೈಟ್ ಎಂಬ ಸೋಂಕುನಾಶಕ ದ್ರಾವಣ, ಸೊಳ್ಳೆ ಔಷಧಿಯಲ್ಲ. ಅದೇ ವರ್ಷ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಸ್ತೆಗೆ ಸಿಂಪಡಿಸುವುದು ಬೇಡ ಎಂದಿತು: ಧೂಳು, ಕಸ ತಗುಲಿದರೆ ಆ ದ್ರಾವಣದ ಶಕ್ತಿಯೇ ಹೋಗುತ್ತದೆ. ಆದರೂ ಕೆಂಪು ಗಾಡಿ ನೀರು ಚಿಮ್ಮಿಸಿದಾಗ ನಮಗೆಲ್ಲ ಧೈರ್ಯ ಬಂದಿತ್ತು, ನಿಜ ಹೇಳಬೇಕಲ್ಲ.

ಡ್ರಮ್ ಹಾಗೇ ಬಿಟ್ಟರೆ ಜೇಬಿಗೂ ಪೆಟ್ಟು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ನಿಗದಿ ಮಾಡಿತು. ಗಾಡಿ ಬಂದಾಗ ಊಟ, ಕುಡಿಯುವ ನೀರು ಮುಚ್ಚಿಡಿ. ಮಕ್ಕಳು ಹೊಗೆಯ ಹಿಂದೆ ಓಡದಂತೆ ಹಿಡಿದುಕೊಳ್ಳಿ.