ಡೆಮೊ ಮುಗಿಯಿತು, ವಿಶ್‌ಲಿಸ್ಟ್‌ಗೆ ಹಾಕಿಕೊಳ್ಳಿ

ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದರೆ ನಡುಮನೆಯಲ್ಲಿ ಇನ್ನೂ ಬೆಳಕಿತ್ತು. ರಜೆಗೆಂದು ತುಮಕೂರಿಗೆ ಬಂದಿರುವ ಅಕ್ಕನ ಮಗ ಲ್ಯಾಪ್‌ಟಾಪ್ ಮುಂದೆ ಕೂತು, ತುಟಿ ಕಚ್ಚಿಕೊಂಡು, ವ್ಯಾನ್ ತೊಳೆಯುತ್ತಿದ್ದ. ನಿಜವಾದ ವ್ಯಾನ್ ಅಲ್ಲ, ಪರದೆ ಮೇಲಿನ ವ್ಯಾನ್. ಪೈಪಿನಿಂದ ನೀರು ರಭಸವಾಗಿ ಬಡಿಯುತ್ತಿತ್ತು, ಕೆಸರು ಪಟ್ಟಿಪಟ್ಟಿಯಾಗಿ ಕಿತ್ತು ಬರುತ್ತಿತ್ತು. ಚಕ್ರದ ಸಂದಿಯಲ್ಲಿ ಎಳ್ಳಷ್ಟು ಕೊಳೆ ಉಳಿದಿದೆಯಂತೆ. ಅದು ಹೋಗುವ ತನಕ ಮಲಗುವುದಿಲ್ಲವಂತೆ.

ಇದೇ ಹುಡುಗನಿಗೆ ಅವನತ್ತೆ ಮೂರು ದಿನದಿಂದ ಹೇಳುತ್ತಿದ್ದಾಳೆ, ಸ್ಕೂಟರ್ ಒಂಚೂರು ಒರೆಸೋ ಅಂತ.

ಆಟದ ಹೆಸರು ಪವರ್‌ವಾಶ್ ಸಿಮ್ಯುಲೇಟರ್. ಇಂಗ್ಲೆಂಡಿನ ಫ್ಯೂಚರ್‌ಲ್ಯಾಬ್ ಎಂಬ ಕಂಪನಿಯದು, 2022ರಲ್ಲಿ ಪೂರ್ತಿ ಬಿಡುಗಡೆಯಾಯಿತು. ಕಂಡವರ ಮನೆಯ ಗೋಡೆ, ಗಾಡಿ, ಅಂಗಳ ತೊಳೆಯುವುದೇ ಆಟ. ಅದಕ್ಕೆ ಕೂಲಿಯವನು ದುಡ್ಡು ಕೊಡಬೇಕು!

“ಇದು ಹಳೇದು ಮಾವ, ಟೈಮ್‌ಪಾಸ್‌ಗೆ ಆಡ್ತಿದ್ದೆ. ನಾಳೆಯಿಂದ ನೆಕ್ಸ್ಟ್ ಫೆಸ್ಟ್. ಆಗ ನೋಡಿ ಮಜಾ,” ಅಂದ.

ನನಗೆ ಗೊತ್ತಿರುವುದು ಕಾರ ಹುಣ್ಣಿಮೆ, ಅಬ್ಬಬ್ಬಾ ಅಂದರೆ ದಸರಾ. ಇದ್ಯಾವ ಹಬ್ಬ? ಸ್ಟೀಮ್ ಅಂತ ಕಂಪ್ಯೂಟರ್ ಆಟ ಮಾರುವ ಒಂದು ದೊಡ್ಡ ಅಂಗಡಿಯಿದೆ. ಅಲ್ಲಿ ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ, ಒಂದೊಂದು ವಾರ ಈ ಡೆಮೊ ಹಬ್ಬ ನಡೆಯುತ್ತದೆ. ಒಬ್ಬಿಬ್ಬರೇ ಕೂತು ಕಟ್ಟುತ್ತಿರುವ ಚಿತ್ರವಿಚಿತ್ರ ಆಟಗಳೂ ಬರುತ್ತವೆ. ಪೂರ್ತಿ ಆಟ ಅಲ್ಲ, ಒಂದು ತುಣುಕು. ಬಿಟ್ಟಿ.

ನಾನು ಇದನ್ನು ಹಲಸಿನ ಲೆಕ್ಕದಲ್ಲಿ ಅರ್ಥಮಾಡಿಕೊಂಡೆ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಹಣ್ಣು ಕೊಳ್ಳಲು ಹೋದರೆ ಮೊದಲು ಒಂದು ತೊಳೆ ಬಿಡಿಸಿ ಕೈಗಿಡುತ್ತಾರೆ. ತಿಂದು ನೋಡಿ ಆಮೇಲೆ ಮಾತು. ತೊಳೆ ಕೊಟ್ಟವನು “ತಗೊಳ್ಳಿ, ಇದೇ ಇಡೀ ಹಣ್ಣು” ಅನ್ನುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮರುದಿನ ನಾನೂ ಕುರ್ಚಿ ಎಳೆದುಕೊಂಡು ಕೂತೆ. ಮಂದಿ ಎಂಥೆಂಥದ್ದು ಮಾಡುತ್ತಾರೆ ಅಂತೀರಿ! ಮೊದಲು ನನ್ನನ್ನು ತಯಾರು ಮಾಡಲು ಅವನು ಹಳೆಯ ಕತೆಗಳನ್ನು ಹೇಳಿದ. ಸ್ವೀಡನ್ನಿನವರು 2014ರಲ್ಲಿ ಮೇಕೆಯ ಆಟವೊಂದನ್ನು ಬಿಟ್ಟರಂತೆ, ಗೋಟ್ ಸಿಮ್ಯುಲೇಟರ್. ನೀವೇ ಮೇಕೆ. ಸಿಕ್ಕವರಿಗೆ ಗುಮ್ಮುವುದು, ಸಿಕ್ಕಿದ್ದನ್ನು ಬೀಳಿಸುವುದು. ಮೇಕೆಯ ಕುತ್ತಿಗೆ ರಬ್ಬರಿನ ಹಾಗೆ ಉದ್ದವಾದರೂ, ಅದು ಗೋಡೆಯೊಳಗೆ ಸಿಕ್ಕಿಕೊಂಡರೂ ಸರಿಮಾಡಲಿಲ್ಲ. ತಮಾಷೆಯಾಗಿದೆ ಅಂತ ತಪ್ಪುಗಳನ್ನು ಬೇಕೆಂದೇ ಹಾಗೇ ಬಿಟ್ಟರು. ನಮ್ಮ ಬೀದಿಯ ರೋಡ್ ಹಂಪ್ ಹಾಕಿದವರೂ ಆ ಶಾಲೆಯಲ್ಲೇ ಓದಿರಬೇಕು.

ಇನ್ನೊಂದು 1995ರದು, ಡೆಸರ್ಟ್ ಬಸ್. ಆ ಕಾಲಕ್ಕೆ ಅಂಗಡಿಗೆ ಬರಲೇ ಇಲ್ಲ. ಅಮೆರಿಕದ ಟೂಸಾನ್‌ನಿಂದ ಲಾಸ್ ವೇಗಸ್‌ಗೆ ಬಸ್ಸು ಓಡಿಸಬೇಕು. ಎಂಟು ಗಂಟೆ. ನಿಜವಾಗಿ ಎಂಟು ಗಂಟೆ. ದಾರಿಯಲ್ಲಿ ಏನೂ ಇಲ್ಲ. ಬಸ್ಸು ಸ್ವಲ್ಪ ಬಲಕ್ಕೆ ಎಳೆಯುತ್ತಿರುತ್ತದೆ, ಹಾಗಾಗಿ ಕೈಬಿಟ್ಟು ಎದ್ದು ಹೋಗುವ ಹಾಗೂ ಇಲ್ಲ. ತಲುಪಿದರೆ ಒಂದು ಅಂಕ. ಆಟಗಳಲ್ಲಿ ಹೊಡೆದಾಟ ಜಾಸ್ತಿ ಅಂದವರನ್ನು ಗೇಲಿ ಮಾಡಲು ಕಟ್ಟಿದ್ದಂತೆ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ವಾರಕ್ಕೆರಡು ಸಲ ಹೋಗಿಬರುವ ನಾನು ನಗಲಿಲ್ಲ. ನಮಗೆ ಆ ಒಂದು ಅಂಕವೂ ಇಲ್ಲ. ಟೋಲ್ ಬೇರೆ.

ಆದರೆ ಎದೆಗೆ ತಟ್ಟಿದ್ದು ಗುಂಡಿ. 2018ರಲ್ಲಿ ಬಂದ ಡೋನಟ್ ಕೌಂಟಿಯಲ್ಲಿ ನೀವು ರಾಜನಲ್ಲ, ಸೈನಿಕನಲ್ಲ, ರಸ್ತೆಯ ಗುಂಡಿ. ಮೊದಲು ಹುಲ್ಲು, ಕಲ್ಲು ನುಂಗುತ್ತೀರಿ. ನುಂಗಿದಷ್ಟೂ ಅಗಲವಾಗುತ್ತೀರಿ. ಆಮೇಲೆ ಕುರ್ಚಿ, ಕಾರು, ಮನೆ. ಗುಂಡಿ ನಡೆಸುವುದು ರಕೂನ್ ಎಂಬ ಪ್ರಾಣಿ, ಕೂತಲ್ಲೇ, ಮೊಬೈಲಿನಲ್ಲಿ.

ಇದರಲ್ಲಿ ಹೊಸದೇನು? ನಮ್ಮನೆ ಮುಂದಿನ ಗುಂಡಿ ಶುರುವಾದಾಗ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟಿತ್ತು. ಮೊದಲ ಮಳೆಗೆ ಯಾರದೋ ಹವಾಯಿ ಚಪ್ಪಲಿ ನುಂಗಿತು. ಆಮೇಲೆ ಪೇಪರ್ ಹಾಕುವ ಹುಡುಗನ ಸೈಕಲ್ಲಿನ ಮುಂದಿನ ಚಕ್ರ. ಯಾರೂ ಬೀಳದಿರಲಿ ಎಂದು ಒಂದು ಬೇವಿನ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದೆವು. ಅದನ್ನೂ ನುಂಗಿತು. ಹೋದ ತಿಂಗಳು ನೀರಿನ ಟ್ಯಾಂಕರಿನ ಹಿಂದಿನ ಚಕ್ರ ಬಾಯಿಗೆ ಸಿಕ್ಕಿ, ಇಡೀ ಬೀದಿ ಸೇರಿ ಎತ್ತಬೇಕಾಯಿತು. ಅಗೆದವರು ಯಾರು ಅಂತ ಕೇಳಿದರೆ ನೀರಿನವರು ಕೇಬಲ್‌ನವರನ್ನು ತೋರಿಸುತ್ತಾರೆ, ಕೇಬಲ್‌ನವರು ಗ್ಯಾಸಿನವರನ್ನು. ಆಟದಲ್ಲಿ ರಕೂನ್ ಯಾವುದು ಅನ್ನುವುದಾದರೂ ಗೊತ್ತಿರುತ್ತದೆ.

ಹೀಗೆ ಪೀಠಿಕೆ ಮುಗಿದು ಡೆಮೊಗಳಿಗೆ ಬಂದೆವು. ಐದಾರು ನೋಡಿದೆವು. ಒಂದರ ತಲೆಬುಡ ತಿಳಿಯಲಿಲ್ಲ. ಒಂದು ತುಂಬಾ ಚೆನ್ನಾಗಿತ್ತು, ಪಾರಿವಾಳವೊಂದು ಟಪಾಲು ಹಂಚುವುದು. ಅದು ಮೂರನೇ ಮನೆಗೆ ಕಾಗದ ಹಾಕುವಷ್ಟರಲ್ಲಿ ಪರದೆ ಕಪ್ಪಾಯಿತು. “ಡೆಮೊ ಇಲ್ಲಿಗೆ ಮುಗಿಯಿತು. ಆಟ ಇನ್ನೂ ತಯಾರಾಗುತ್ತಿದೆ. ಇಷ್ಟವಾದರೆ ವಿಶ್‌ಲಿಸ್ಟ್‌ಗೆ ಹಾಕಿಕೊಳ್ಳಿ” ಎಂಬರ್ಥದ ಸಾಲು ಬಂತು. ವಿಶ್‌ಲಿಸ್ಟ್ ಅಂದರೆ ಮುಂದೆ ಬೇಕು ಅಂತ ಗುರುತು ಹಾಕಿಡುವ ಆಟಗಳ ಪಟ್ಟಿ.

ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇನ್ನೂ ತಯಾರಾಗುತ್ತಿದೆ! ಅವರೇ ಹೇಳುತ್ತಿದ್ದಾರೆ! ತಾವಾಗಿಯೇ!

ಅಳಿಯನಿಗೆ ನನ್ನ ಕಣ್ಣು ಯಾಕೆ ಒದ್ದೆಯಾಯಿತು ಅಂತ ತಿಳಿಯಲಿಲ್ಲ. ಅವನಿಗೆ ನಮ್ಮ ಬೀದಿಯ ಶುದ್ಧ ಕುಡಿಯುವ ನೀರಿನ ಘಟಕದ ಕತೆ ಗೊತ್ತಿಲ್ಲ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುವಂಥದ್ದು. ಅದರ ಉದ್ಘಾಟನೆಗೆ ಶಾಮಿಯಾನ ಹಾಕಿದ್ದರು. ಹಾರ, ತುರಾಯಿ, ಮೈಕು. ಗೋಡೆಗೆ ಕರಿಕಲ್ಲಿನ ಫಲಕ, ಅದರಲ್ಲಿ ಹದಿನಾರು ಹೆಸರು. ಎಣಿಸಿದ್ದೇನೆ. ಮುಖ್ಯ ಅತಿಥಿಗಳು ರಿಬ್ಬನ್ ಕತ್ತರಿಸಿ, ಕಾಯಿನ್ ಹಾಕಿ, ಮೊದಲ ಲೋಟ ಕುಡಿದರು. ಫೋಟೋದವನು ಇನ್ನೊಂದ್ಸಲ ಅಂದ. ಇನ್ನೊಂದು ಲೋಟ ಕುಡಿದರು. ನಾಲ್ಕು ಕ್ಯಾನ್ ತುಂಬಿತು, ಚಪ್ಪಾಳೆ ಬಿತ್ತು, ಕೇಸರಿಬಾತು ಹಂಚಿದರು. ಸಂಜೆ ಶಾಮಿಯಾನದವನು ಗಳ ಕಿತ್ತುಕೊಂಡು ಹೋದ. ಘಟಕದ ಹಿಂದೆ ಪೈಪು ಸಿಕ್ಕಿಸಿಕೊಂಡು ನಿಂತಿದ್ದ ಟ್ಯಾಂಕರೂ ಅವನ ಹಿಂದೆಯೇ ಹೋಯಿತು. ಆ ಪೈಪನ್ನು ನಾವ್ಯಾರೂ ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಮಾರನೇ ದಿನದಿಂದ ಬಾಗಿಲಿಗೆ ಬೀಗ. ಬೋರ್‌ವೆಲ್ ಕೊರೆಯುವುದು ಇನ್ನೂ ಬಾಕಿಯಂತೆ.

ನನ್ನ ತಕರಾರು ಇಷ್ಟೇ. ಆ ಫಲಕದಲ್ಲಿ ಹದಿನೇಳನೆಯ ಸಾಲಿನಲ್ಲಿ “ಡೆಮೊ” ಅಂತ ಎರಡಕ್ಷರ ಕೆತ್ತಿಸಿದ್ದರೆ ನಾನು ಚಕಾರ ಎತ್ತುತ್ತಿರಲಿಲ್ಲ. ತೊಳೆ ಕೊಟ್ಟರು, ರುಚಿ ನೋಡಿದೆವು, ಸರಿ. ಇಡೀ ಹಣ್ಣೇ ಕೊಟ್ಟಾಯಿತು ಅಂತ ಭಾಷಣ ಮಾಡಿದರಲ್ಲ, ಕಷ್ಟ ಅಲ್ಲಿರುವುದು.

“ಅರ್ಲಿ ಆಕ್ಸೆಸ್ ಅಂತ ಇನ್ನೊಂದಿದೆ ಮಾವ. ಮುಗಿಯದೇ ಇರೋ ಆಟಕ್ಕೆ ಮೊದಲೇ ದುಡ್ಡು ಕೊಡೋದು,” ಎಂದ ಅಳಿಯ. ಇದನ್ನು ನನಗೆ ಬಿಡಿಸಿ ಹೇಳಬೇಕಿಲ್ಲ. ನಾನು ಹೊಸ ಬಡಾವಣೆಯಲ್ಲಿ ಸೈಟು ಕೊಂಡವನು.

ವಿಶ್‌ಲಿಸ್ಟೂ ನಮಗೆ ಹೊಸದಲ್ಲ. ಅವರದರಲ್ಲಿ ಆಟ ಬಿಡುಗಡೆಯಾದ ದಿನ ಮೇಲ್ ಬರುತ್ತದೆ. ನಮ್ಮದು ಐದು ವರ್ಷಕ್ಕೊಮ್ಮೆ ಕೈಮುಗಿದುಕೊಂಡು ಮನೆ ಬಾಗಿಲಿಗೇ ಬರುತ್ತದೆ. ಪಟ್ಟಿ ಅದೇ, ಫೋಟೋ ಬೇರೆ. ಆದರೆ ರಿಫಂಡ್ ಅನ್ನುವ ಸಂಗತಿ ಮಾತ್ರ ನನ್ನ ನಿದ್ದೆ ಕೆಡಿಸಿತು. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಿಡಿಸಲಿಲ್ಲ ಅಂತ ಬರೆದು ದುಡ್ಡು ವಾಪಸ್ ತಗೊಳ್ಳಬಹುದು.

“ಯಾರ ಶಿಫಾರಸೂ ಬೇಡ್ವೇನೋ?”

“ಬೇಡ ಮಾವ.”

“ಝೆರಾಕ್ಸ್?”

“ಏನೂ ಬೇಡ.”

ಸಂಜೆ ಇಬ್ಬರೂ ಹಾಲು ತರಲು ಹೊರಟೆವು. ಘಟಕದ ಮುಂದೆ ಬಂದಾಗ ಅವನು ನಿಂತ. ಬಾಗಿಲಿಗೆ ಬೀಗವಿದ್ದರೂ ಕಾಯಿನ್ ಹಾಕುವ ಸೀಳು ರಸ್ತೆಯ ಕಡೆಗೇ ಬಾಯಿ ತೆರೆದುಕೊಂಡಿದೆ. “ಒಂದ್ಸಲ ನೋಡೋಣ ಮಾವ,” ಅಂದ. ನಾನು ಜೇಬಿನಿಂದ ಐದು ರೂಪಾಯಿ ತೆಗೆದು ಹಾಕಿದೆ. ಒಳಗೆಲ್ಲೋ ಟಣ್ ಎಂದಿತು. ನೀರಿಲ್ಲ, ದೀಪವಿಲ್ಲ, ಸದ್ದಿಲ್ಲ.

“ಆಡಿದ್ದು ಎರಡು ನಿಮಿಷ ಅಷ್ಟೇ. ರಿಫಂಡ್ ಬರಬೇಕು ಮಾವ,” ಅಂತ ಅಳಿಯ ಹಲ್ಲುಕಿರಿದ.

ಎದುರು ಜಗುಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ನಮ್ಮನ್ನೇ ನೋಡುತ್ತಿತ್ತು. ನಿಧಾನಕ್ಕೆ ಎದ್ದು ಬಂತು. ತುರುಬಿನಿಂದ ಹೇರ್‌ಪಿನ್ ಕಿತ್ತು, ಸೀಳಿನ ಕೆಳಗಿನ ತಗಡಿನ ಸಂದಿಗೆ ತೂರಿಸಿ, ಎಡಕ್ಕೊಂದು ಸಲ ತಿರುಗಿಸಿತು. ತಗಡು ಬಾಯಿಬಿಟ್ಟಿತು. ಒಂದಲ್ಲ, ಆರು ಕಾಯಿನ್ ಉದುರಿದವು.

“ನಿಂದು ಯಾವ್ದಪ್ಪ?”

“ಐದ್ರದ್ದು ಅಜ್ಜಿ.”

ಒಂದನ್ನು ಆರಿಸಿ, ಸೆರಗಿಗೆ ಒರೆಸಿ ನನ್ನ ಕೈಗಿಟ್ಟಿತು. ಉಳಿದ ಐದನ್ನು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು, ಪಿನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು, ಜಗುಲಿಗೆ ವಾಪಸ್ ಹೋಗಿ ಕೂತಿತು.